ಅಬ್ಬಿಗೆರೆಯ ಒಂದೂವರೆ ಲೀಟರ್ ಎಣ್ಣೆ

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಪೆಟ್ರೋಲಿಯಂ ಎಂಬ ಪಾಠವನ್ನು ಹದಿನೆಂಟು ವರ್ಷ ಮಾಡಿದ್ದೇನೆ. ಆದರೆ ನಗರದ ಅಂಚಿನ ಈ ಅಬ್ಬಿಗೆರೆಯಲ್ಲಿ ನೆಲದೊಳಗಿನ ಯಾವ ವಿಷಯದಲ್ಲೂ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಬಾಡಿಗೆಗೆ ನಿಂತು ಹನ್ನೊಂದು ವರ್ಷವಾದರೂ ನಾನಿನ್ನೂ ಮೇಲಿನ ಮನೆಯ ಮೇಷ್ಟ್ರು. ನೆಲದ ಕೆಳಗಿನದೆಲ್ಲ ಬೋರ್‌ವೆಲ್ ಬ್ಯಾಟರಾಯಪ್ಪನವರ ಇಲಾಖೆ. ಅವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮೊದಮೊದಲು ನನಗೆ ಇದರಿಂದ ಹೊಟ್ಟೆ ಉರಿಯುತ್ತಿತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಅವರ ನಡುಮನೆಯ ಒಂದು ಗೋಡೆಯ ತುಂಬ ಹಲಗೆ ಹೊಡೆದು ಹಾರ್ಲಿಕ್ಸ್ ಬಾಟಲಿ ಜೋಡಿಸಿದ್ದಾರೆ. ಒಳಗಿರುವುದು ಕಲ್ಲಿನ ಪುಡಿ. ಬೋರ್ ಕೊರೆಯುವಾಗ ಹಾರಿ ಬರುವ ಪುಡಿಯನ್ನು ಐವತ್ತು ಅಡಿಗೊಂದು ಹಿಡಿ ಹಿಡಿದು, ಬಂದ ಕ್ರಮದಲ್ಲೇ ಒಂದರ ಮೇಲೊಂದು ಹಾಕಿ ಮುಚ್ಚಳ ಬಿಗಿಯುತ್ತಾರೆ. ಮೇಲೊಂದು ಚೀಟಿ: ಜಮೀನಿನವರ ಹೆಸರು, ಎಷ್ಟು ಅಡಿ, ಎಷ್ಟು ಇಂಚು ನೀರು. ನೀರು ಬೀಳದ ಬಾವಿಗಳ ಬಾಟಲಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟಿಲ್ಲ. ಕಣ್ಣಿನ ಮಟ್ಟದ ಸಾಲಿನಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ, ಕೆಂಪು ಶಾಯಿಯಲ್ಲಿ 'ನೀರಿಲ್ಲ' ಎಂದು ಬರೆದು ಇಟ್ಟಿದ್ದಾರೆ. ಯಾಕೆ ಎಂದು ಒಮ್ಮೆ ಕೇಳಿದೆ.

"ಅದೇ ಜಾಗ್ದಾಗೆ ಇನ್ನೊಬ್ರು ತೋಡಿಸ್ಬಾರ್ದಲ್ಲ ಮೇಷ್ಟ್ರೇ," ಎಂದರು.

ಅವರ ಹೆಂಡತಿ ಮಾರಮ್ಮನವರಿಗೆ ಈ ಗೋಡೆ ಕಂಡರಾಗದು. ಮದುವೆಯಾಗಿ ಬಂದಾಗ ಆರು ಬಾಟಲಿ ಇದ್ದವಂತೆ, ಈಗ ಮುನ್ನೂರು ದಾಟಿವೆ. ಒರೆಸುವ ಕೆಲಸ ಮಾತ್ರ ಅವರದೇ. ಒರೆಸುತ್ತ ಬಯ್ಯುತ್ತಾರೆ, ಆದರೆ ಒಂದು ಬಾಟಲಿಯನ್ನೂ ಜಾಗ ಬದಲಿಸಿ ಇಡುವುದಿಲ್ಲ.

ಬ್ಯಾಟರಾಯಪ್ಪನವರು ಹತ್ತೊಂಬತ್ತನೇ ವಯಸ್ಸಿನಲ್ಲಿ ಬೋರ್ ಲಾರಿಯಲ್ಲಿ ಪೈಪು ಹೊರಲು ಸೇರಿದವರು. ಆಗ ಅಬ್ಬಿಗೆರೆಯ ಸುತ್ತ ತೊಂಬತ್ತು ಅಡಿಗೆ ನೀರು ಚಿಮ್ಮುತ್ತಿತ್ತಂತೆ. ಆಮೇಲೆ ಇನ್ನೂರು, ನಾನೂರು, ಈಗ ಸಾವಿರದ ಇನ್ನೂರು. ನಲವತ್ತೇಳು ವರ್ಷದ ದುಡಿಮೆಯಲ್ಲಿ ಅವರು ಪೈಪು ಹೊರುವುದರಿಂದ ಮೋಟರು ಇಳಿಸುವುದಕ್ಕೆ, ಅಲ್ಲಿಂದ ಪಾಯಿಂಟ್ ಹಾಕುವುದಕ್ಕೆ ಬಂದರು. ಪಾಯಿಂಟ್ ಹಾಕುವುದೆಂದರೆ ಎಲ್ಲಿ ಕೊರೆದರೆ ನೀರು ಬೀಳುತ್ತದೆಂದು ಜಾಗ ತೋರಿಸುವುದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸೈಟಿನ ತುಂಬ ನಡೆಯುತ್ತಾರೆ. ಕಾಯಿ ಎದ್ದು ನಿಂತರೆ ನೀರು ಎಂದು ಜನರ ನಂಬಿಕೆ. ಅಸಲಿಗೆ ಅವರು ನೋಡುವುದು ಪಕ್ಕದ ಬಾವಿಗಳ ಬಾಟಲಿಗಳನ್ನು, ಬಂಡೆಯ ಓಟವನ್ನು, ಹುತ್ತವನ್ನು. ಕಾಯಿ ಹಿಡಿಯದಿದ್ದರೆ ಗಿರಾಕಿಗೆ ಸಮಾಧಾನವಿಲ್ಲ, ಅಷ್ಟೆ. ಸಂಜೆ ಅದೇ ಕಾಯಿ ಮಾರಮ್ಮನವರ ಕೈಯಲ್ಲಿ ಚಟ್ನಿಯಾಗುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಮುನಿಗಂಗಪ್ಪನ ಟೀ ಅಂಗಡಿ ಇದೆ. ಅದರ ಬೆಂಚಿನ ಮೇಲೆ ಬೆಳಿಗ್ಗೆ ಆರೂವರೆಗೆ ಶುರುವಾಗುವ ಚರ್ಚೆ ಹೆಚ್ಚಾಗಿ ಎಣ್ಣೆಯದೇ. ಬ್ಯಾರಲ್ ರೇಟು ಇಳಿದರೂ ಬಂಕಿನಲ್ಲಿ ಯಾಕೆ ಇಳಿಯುವುದಿಲ್ಲ? ಪೆಟ್ರೋಲಿಗೆ ಎಥನಾಲ್ ಬೆರೆಸಿದರೆ ಮೈಲೇಜು ಬಿದ್ದುಹೋಗುತ್ತದೆಯೇ? ಎಲ್ಲೋ ಯುದ್ಧ ಹತ್ತಿಕೊಂಡು ಹಡಗು ನಿಂತರೆ ನಮ್ಮ ದೇಶದ ದಾಸ್ತಾನು ಎಷ್ಟು ದಿನ ಬಂದೀತು? ಕೇಳುವವನು ಸಾಮಾನ್ಯವಾಗಿ ನರೇಂದ್ರ. ಮಾಕಳಿ ಕಡೆ ಸೈಟು ಮಾರಿಸಿಕೊಡುವ ಹುಡುಗ, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಉತ್ತರ ಹೇಳುವವನೂ ಅವನೇ. ನಾನು ನಡುವೆ ಅಂಕಿಅಂಶ ಹೇಳಲು ಬಾಯಿ ತೆರೆದರೆ ಮುನಿಗಂಗಪ್ಪ ನನ್ನ ಕೈಗೆ ಟೀ ಲೋಟ ಕೊಟ್ಟುಬಿಡುತ್ತಾನೆ.

ಒಂದು ದಿನ ನರೇಂದ್ರ, "ಬ್ಯಾಟಣ್ಣ, ನೀವೇ ಹೇಳಿ. ಎಣ್ಣೆ ಇನ್ನು ಐವತ್ತೇ ವರ್ಷ ಅಂತಾರೆ. ನಮ್ಮಪ್ಪನ ಕಾಲದಲ್ಲೂ ಐವತ್ತೇ ವರ್ಷ ಅಂತಿದ್ರಂತೆ. ಯಾವತ್ತ್ ಮುಗಿಯೋದು ಇದು?" ಎಂದ.

ಬ್ಯಾಟರಾಯಪ್ಪನವರು ಟೀ ಆರಿಸಿಕೊಳ್ಳುತ್ತಿದ್ದರು. "ಎಣ್ಣೆ ವಿಷ್ಯ ನಂಗೊತ್ತಿಲ್ಲ ಕಣಪ್ಪ. ನೀರಿಂದು ಏಳ್ತೀನಿ. ನೀರು ಒಂದಿನ ಪೂರ್ತಿ ಮುಗ್ದೋಯ್ತು ಅಂತ ನಾನ್ ನೋಡಿಲ್ಲ. ಮೊದ್ಲು ಆಳಕ್ಕೋಯ್ತದೆ. ಆಳದಿಂದ ಎತ್ತೋಕೆ ದೊಡ್ ಮೋಟ್ರು ಬೇಕು, ಕರೆಂಟ್ ಬೇಕು. ಎತ್ತೋ ಕರ್ಚು ಕೈಗತ್ತಲ್ಲ ಅಂತ ಜನ ಬಾವಿ ಬಿಟ್ಬಿಡ್ತಾರೆ. ಕೆಳ್ಗೆ ಇನ್ನೂ ನೀರಿರ್ತದೆ."

ಇದನ್ನೇ ನಾನು ತರಗತಿಯಲ್ಲಿ ಎರಡು ಪೀರಿಯಡ್ ತೆಗೆದುಕೊಂಡು ಹೇಳುತ್ತೇನೆ. ಮಕ್ಕಳು ಆಕಳಿಸುತ್ತಾರೆ. ಇಲ್ಲಿ ಬೆಂಚಿಗೆ ಬೆಂಚೇ ತಲೆಯಾಡಿಸಿತು.

ಕಳೆದ ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ನಮ್ಮ ಮನೆಯ ಮಾಲೀಕರಾದ ರಾಮಲಕ್ಷ್ಮಮ್ಮನವರು ಕೆಳಗಿನಿಂದ ನನ್ನನ್ನು ಕೂಗಿದರು. ಅರವತ್ತೆರಡು ವರ್ಷದ ಈಕೆ ಗಂಡ ತೀರಿಕೊಂಡ ಮೇಲೆ ಮನೆ, ಬಾಡಿಗೆದಾರರು, ಎರಡು ಹಸು ಎಲ್ಲವನ್ನೂ ಒಬ್ಬರೇ ನೋಡಿಕೊಂಡವರು. ಹಿತ್ತಿಲಲ್ಲಿ ಆರುನೂರ ನಲವತ್ತು ಅಡಿಯ ಒಂದು ಬೋರ್ ಇದೆ. ನಮ್ಮ ಬೀದಿಯಲ್ಲಿ ಇನ್ನೂ ಬತ್ತದೆ ಉಳಿದಿರುವುದು ಅದೊಂದೇ. ನಲ್ಲಿ ನೀರು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಹಾಗಾಗಿ ದಿನಾ ಸಂಜೆ ಅರ್ಧ ಗಂಟೆ ಅವರು ಬೀದಿಯ ಹನ್ನೊಂದು ಮನೆಗೂ ನೀರು ಬಿಡುತ್ತಾರೆ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಬೋರ್ ನೀರು ತುಂಬಿಡುವ ತೊಟ್ಟಿಯಲ್ಲಿ ನೀರಿನ ಮೇಲೆ ತೆಳುವಾದ ಪೊರೆ ಕಟ್ಟಿತ್ತು. ಬಿಸಿಲಿಗೆ ನೇರಳೆ, ಹಸಿರು ಬಣ್ಣ ಹೊಳೆಯುತ್ತಿತ್ತು. ಮೂಗಿಗೆ ಹತ್ತಿರ ತಂದರೆ ಸೀಮೆಎಣ್ಣೆಯಂಥ ವಾಸನೆ. ಅಷ್ಟರಲ್ಲಿ ನರೇಂದ್ರ ಬಂದ. ರಾಮಲಕ್ಷ್ಮಮ್ಮ ಅವನಿಗೆ ಅತ್ತೆಯಾಗಬೇಕು. ಹಳೇ ಪೇಪರನ್ನು ಪೊರೆಯಲ್ಲಿ ಅದ್ದಿ, ಒಣಗಿಸಿ, ಕಡ್ಡಿ ಗೀರಿದ. ಅದು ಉರಿಯಿತು.

"ಅತ್ತೆ, ನಿಮ್ಮ ಬಾವೀಲಿ ಪೆಟ್ರೋಲ್ ಬಿದ್ದಿದೆ," ಎಂದ.

"ಅಲ್ಲೋ ತಮ್ಮಾ, ಎಣ್ಣಿ ಇಲ್ದಿದ್ರೂ ಪೇಪರ್ ಉರೀತೈತಿ," ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿತ್ತಿಲ ತುಂಬ ಜನ. ಎಣ್ಣೆ ನಮ್ಮದೋ ಸರ್ಕಾರದ್ದೋ ಎಂಬ ವಾದ ಮೊದಲು ಹತ್ತಿಕೊಂಡಿತು. ನೆಲದಡಿಯ ಎಣ್ಣೆ ಸರ್ಕಾರಕ್ಕೆ ಸೇರುತ್ತದೆ ಎಂದು ನಾನು ಹೇಳಿದ್ದಕ್ಕೆ, ಬಾಡಿಗೆಯವನಿಗೆ ಹೊಟ್ಟೆಕಿಚ್ಚು ಎಂದು ಹಿಂದಿನಿಂದ ಯಾರೋ ಗೊಣಗಿದರು. ಕೋಟ್ಯಂತರ ವರ್ಷ ಸಮುದ್ರದ ತಳದಲ್ಲಿ ಸಣ್ಣ ಸಣ್ಣ ಜೀವಿಗಳು ಕೊಳೆತು ಎಣ್ಣೆಯಾಗುತ್ತದೆ, ಅದು ಸ್ಪಂಜಿನ ಹಾಗೆ ತೂತು ತೂತಾದ ಕಲ್ಲಿನಲ್ಲಿ ನಿಲ್ಲುತ್ತದೆ, ನಮ್ಮ ಕೆಳಗಿರುವುದು ಗಟ್ಟಿ ಬಂಡೆ ಎಂದೆ. ಹಾಗಾದರೆ ಇದೇನು ಎಂದು ತೊಟ್ಟಿಯನ್ನು ತೋರಿಸಿದರು. ಈ ದೇಶದಲ್ಲಿ ಎಲ್ಲ ಕಡೆ ಎಣ್ಣೆ ಇದೆ, ಹೊರಗಿನಿಂದ ತರಿಸುವುದರಲ್ಲಿ ಯಾರಿಗೋ ಲಾಭವಿದೆ, ಅದಕ್ಕೇ ಮುಚ್ಚಿಟ್ಟಿದ್ದಾರೆ ಎಂದು ನರೇಂದ್ರ ತೀರ್ಪು ಕೊಟ್ಟ. ಕೊನೆಗೆ ಬ್ಯಾಟರಾಯಪ್ಪನವರನ್ನು ಕರೆಸಿದರು.

ಅವರು ಬಂದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆರಳಿಂದ ಪೊರೆಯನ್ನು ತೆಗೆದು ಹೆಬ್ಬೆರಳಿಗೆ ಉಜ್ಜಿದರು, ಮೂಸಿದರು. ಮುಖ ಒಂದು ಥರ ಆಯಿತು.

"ಏನಣ್ಣ ಇದು?" ಎಂದು ರಾಮಲಕ್ಷ್ಮಮ್ಮ ಕೇಳಿದರು.

"ನೋಡಾಣ ತಾಯಿ," ಎಂದಷ್ಟೇ ಹೇಳಿ ಎದ್ದು ಹೊರಟುಹೋದರು.

ಇಲ್ಲ ಎನ್ನಬೇಕಾದಲ್ಲಿ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವ ಮನುಷ್ಯ ನೋಡೋಣ ಎಂದರೆ ಹೌದು ಎಂದೇ ಅರ್ಥ ಎಂದು ಊರು ತೀರ್ಮಾನಿಸಿತು. ರಾಮಲಕ್ಷ್ಮಮ್ಮ ಮೋಟರ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿದರು. ನರೇಂದ್ರ ಓಡಾಡಿ ಬೋರ್ ಲಾರಿ ಗೊತ್ತುಮಾಡಿದ. ಸೋಮವಾರ ಬೆಳಿಗ್ಗೆ ಬಂದು ಅದೇ ಬಾವಿಯನ್ನು ಸಾವಿರದ ಐನೂರು ಅಡಿಗೆ ಇಳಿಸುವುದು, ಎಣ್ಣೆ ಎಷ್ಟಿದೆ ನೋಡಿಯೇ ಬಿಡುವುದು ಎಂದಾಯಿತು. ಹನ್ನೊಂದು ಮನೆಗಳ ಕೊಡಗಳು ಮೂರು ದಿನ ಖಾಲಿ. ನನ್ನ ಹೆಂಡತಿ ಪದ್ಮಶ್ರೀ ಮೂರನೇ ಮಹಡಿಗೆ ಕ್ಯಾನ್ ನೀರು ಹೊತ್ತು ಹೊತ್ತು, "ನಿಮ್ ಪೆಟ್ರೋಲ್‌ದಾಗ ನೀವೇ ಜಳಕಾ ಮಾಡ್ರಿ," ಎಂದು ನನ್ನ ಮೇಲೇ ಹರಿಹಾಯ್ದಳು. ಪೆಟ್ರೋಲಿನ ಪಾಠ ಮಾಡಿದ್ದೇ ನನ್ನ ಅಪರಾಧ.

ಭಾನುವಾರ ಬೆಳಿಗ್ಗೆ ನಾನು ಬ್ಯಾಟರಾಯಪ್ಪನವರ ಮನೆಗೆ ಹೋದೆ. ಮೂರು ದಿನದಿಂದ ಅವರು ಟೀ ಅಂಗಡಿಗೆ ಬಂದಿರಲಿಲ್ಲ. ಬಾಟಲಿಗಳ ಗೋಡೆಯ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದರು. ಮಾರಮ್ಮನವರು ನನಗೆ ಕಾಫಿ ಕೊಟ್ಟು, "ಊಟ ಮಾಡ್ತಿಲ್ಲ ಮೇಷ್ಟ್ರೇ, ಏನು ಅಂತ ನೀವಾದ್ರೂ ಕೇಳಿ," ಎಂದು ಒಳಗೆ ಹೋದರು.

ನಾನು ಕೇಳಬೇಕಾಗಲಿಲ್ಲ. "ಅದು ನಾನೇ ತುಂಬಿದ ಎಣ್ಣೆ," ಎಂದರು.

ನಡೆದದ್ದು ಇಷ್ಟು. ಬಾವಿಯೊಳಗೆ ನೀರಲ್ಲೇ ಮುಳುಗಿಕೊಂಡು ಓಡುವ ಕೆಲವು ಮೋಟರುಗಳ ಹೊಟ್ಟೆಯಲ್ಲಿ ಎಣ್ಣೆ ತುಂಬಿರುತ್ತಾರೆ. ಆ ಎಣ್ಣೆ ಹೊರಗೆ ಬರದಂತೆ ತಡೆಯುವುದು ಒಂದು ರಬ್ಬರಿನ ಸೀಲು. ಹಿಂದಿನ ವರ್ಷ ಯುಗಾದಿಗೆ ಎರಡು ದಿನವಿರುವಾಗ ರಾಮಲಕ್ಷ್ಮಮ್ಮನವರ ಮೋಟರ್ ಸುಟ್ಟಿತ್ತು. ನಾಗಸಂದ್ರದ ಅಂಗಡಿಯಲ್ಲಿ ಕಾಯಿಲ್ ಕಟ್ಟಿಸಿ ತಂದರು. ಹೊಸ ಸೀಲು ಹಬ್ಬ ಕಳೆದ ಮೇಲೇ ಸಿಗುವುದು ಎಂದರು ಅಂಗಡಿಯವರು. ಹನ್ನೊಂದು ಮನೆಯಲ್ಲಿ ಹಬ್ಬಕ್ಕೆ ನೀರಿಲ್ಲ. ಇವರು ಹಳೇ ಸೀಲನ್ನೇ ಹಾಕಿ, ಕೈಗೆ ಸಿಕ್ಕಿದ ಟ್ರಾನ್ಸ್‌ಫಾರ್ಮರ್ ಎಣ್ಣೆ ಎರಡು ಲೀಟರ್ ತುಂಬಿ ಮೋಟರ್ ಇಳಿಸಿಬಿಟ್ಟರು. ಉಗಾದಿ ಕಳೀಲಿ, ಎತ್ತಿ ಬದಲಾಯಿಸೋಣ ಎಂದುಕೊಂಡರು. ಹಬ್ಬ ಕಳೆಯಿತು, ನೀರು ಬರುತ್ತಿತ್ತು, ಮರೆತೇಹೋಯಿತು.

"ಮೂಸಿದ್ ತಕ್ಷಣ ಗೊತ್ತಾಯ್ತು. ಏಳೋಣ ಅಂತ ಬಾಯ್ ತೆಗೆದೆ. ಅಷ್ಟ್ ಜನ ನನ್ ಮುಖಾನೇ ನೋಡ್ತಾವ್ರೆ. ಬಾಯಿಂದ ನೋಡಾಣ ಅಂತ ಬಂತು," ಎಂದರು. ಆಮೇಲೆ, "ಆ ನೀರು ಮಕ್ಳು ಕುಡ್ದವ್ರೆ ಮೇಷ್ಟ್ರೇ," ಎಂದರು.

ನನಗೆ ಅವರನ್ನು ನೋಡಿ ಸಂಕಟವಾಯಿತು. ಅರವತ್ತಾರು ವರ್ಷದ ಮನುಷ್ಯ. ನೆಲದ ವಿಷಯದಲ್ಲಿ ಅವರ ಮಾತೆಂದರೆ ಮಾತು, ಅದೊಂದೇ ಅವರ ಆಸ್ತಿ. ಇದು ಹೊರಗೆ ಬಿದ್ದರೆ ಮಾಕಳಿಯಿಂದ ಯಲಹಂಕದವರೆಗೆ ಇನ್ನು ಯಾರು ಕರೆದಾರು? ಆಗ ನಾನು, ಮಕ್ಕಳಿಗೆ ಸತ್ಯ ಹೇಳಿಕೊಡುವ ಮೇಷ್ಟ್ರು, ಒಂದು ಉಪಾಯ ಹೇಳಿದೆ. "ಪಕ್ಕದಾಗ ಲಾರಿ ಗ್ಯಾರೇಜ್ ಐತಲ್ರೀ. ಅವರು ಚೆಲ್ಲಿದ್ ಎಣ್ಣಿ ಇಳದೈತಿ ಅನ್ರಿ. ನಾ ಲ್ಯಾಬ್‌ನಾಗ ನೋಡೀನಿ ಅಂತೀನಿ. ನಂಬತಾರ."

ಅವರು ನನ್ನತ್ತ ನೋಡಿದರು. ಕೋಪವಿರಲಿಲ್ಲ, ಆಸೆಯೇ ಇತ್ತು. ಅದು ನನಗೆ ಕಂಡಿತು. ಆಮೇಲೆ ಗೋಡೆಯತ್ತ ತಿರುಗಿದರು.

"ಗ್ಯಾರೇಜ್ ಅಂದ್ರೆ ಆ ಬಡಪಾಯಿ ತಲೆ ಮ್ಯಾಲೆ ಓಯ್ತದೆ. ಬಾವಿ ಕೊರ್ಯೋದೂ ನಿಲ್ಲಲ್ಲ. ನರೇಂದ್ರ ಬಿಡಲ್ಲ. ಸಾವ್ರದೈನೂರ್ ಅಡಿ ಇಳಿಸ್ದಾಗ ಕೆಳಗೊಂದು ಬಿರುಕು ಸಿಕ್ಕಿದ್ರೆ, ಇರೋ ನೀರೂ ಅದ್ರಾಗೆ ಇಳ್ದೋಯ್ತದೆ. ಬೀದಿಗೆ ಇರೋದು ಅದೊಂದೇ ಬಾವಿ," ಎಂದರು.

ನಾನು ಕಾಫಿ ಕುಡಿದು ಲೋಟ ಇಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ನಾಚಿಕೆಯಾಗುತ್ತಿತ್ತು.

ಸೋಮವಾರ ಏಳು ಗಂಟೆಗೆ ಬೋರ್ ಲಾರಿ ಬಂದು ಬೀದಿ ತುಂಬ ನಿಂತಿತು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಸರಿಯಲು ಎದುರಿನ ಗಾಡಿಗೆ ಜಾಗವಿರಲಿಲ್ಲ. ಎದುರಿನದು ಮೋಟರ್ ಎತ್ತುವ ಗಾಡಿ. ಅದರ ಮುಂದಿನ ಸೀಟಿನಲ್ಲಿ ಬ್ಯಾಟರಾಯಪ್ಪನವರು, ತೊಡೆಯ ಮೇಲೆ ಒಂದು ಹಾರ್ಲಿಕ್ಸ್ ಬಾಟಲಿ. ಇಳಿದು ನೇರ ಹಿತ್ತಿಲಿಗೆ ನಡೆದರು. ಜನ ದಾರಿ ಬಿಟ್ಟರು. ಕೈಯಲ್ಲಿ ತೆಂಗಿನಕಾಯಿ ಇಲ್ಲದ್ದನ್ನು ಮುನಿಗಂಗಪ್ಪ ಮೊದಲು ಗಮನಿಸಿದ.

ಬಾಟಲಿಯನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟರು. "ಇದು ಈ ಬಾವೀದೇ ಪುಡಿ. ಅರವತ್ತಡಿಯಿಂದ ಕೆಳಕ್ಕೆ ಒಂದೇ ಬಂಡೆ. ಮೇಷ್ಟ್ರು ಏಳಿದ್ದು ಸರಿ, ಇದ್ರಾಗೆ ಎಣ್ಣೆ ನಿಲ್ಲಲ್ಲ," ಎಂದರು. ಹದಿನೆಂಟು ವರ್ಷದ ನನ್ನ ಪಾಠಕ್ಕೆ ಸಿಕ್ಕ ಮೊದಲ ಪ್ರಮಾಣಪತ್ರ ಅದು. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಅಂಗಾರೆ ಈ ಎಣ್ಣೆ ಎಲ್ಲೀದಣ್ಣ?" ಎಂದು ರಾಮಲಕ್ಷ್ಮಮ್ಮ ಕೇಳಿದರು.

"ಮೋಟ್ರಿಂದು. ಓದ್ ಉಗಾದೀಲಿ ಅಳೇ ಸೀಲ್ ಆಕಿ ಇಳಿಸಿದ್ದೆ. ಆಮ್ಯಾಕೆ ಬದಲಾಯಿಸ್ಲಿಲ್ಲ, ಮರ್ತೆ. ತಪ್ಪು ನಂದು ತಾಯಿ. ಗುರುವಾರ್ವೇ ಗೊತ್ತಾಗಿತ್ತು, ಏಳ್ಲಿಲ್ಲ. ಅದೂ ತಪ್ಪೇ."

ನರೇಂದ್ರ ಮಾತ್ರ, "ಅಣ್ಣ, ಅದು ಗ್ಯಾರಂಟಿನಾ? ಒಂದ್ಸಲ ಕೆಳಗೆ ನೋಡ್ಬಿಡೋಣ," ಎಂದ.

"ಎತ್ತಿ ತೋರಿಸ್ತೀನಿ, ನೋಡು," ಎಂದು ಬ್ಯಾಟರಾಯಪ್ಪನವರು ಪಂಚೆ ಎತ್ತಿ ಕಟ್ಟಿದರು.

ಇಪ್ಪತ್ತಡಿಯ ಒಂದೊಂದು ಪೈಪು ಮೇಲೆ ಬಂದು ಕಳಚಿಕೊಳ್ಳತೊಡಗಿತು. ಅಂಥ ಮೂವತ್ತು ಪೈಪು. ಹತ್ತನೇ ಪೈಪು ಬರುವ ಹೊತ್ತಿಗೆ ಎಲ್ಲರೂ ಎಣಿಸುತ್ತಿದ್ದರು. ಬೋರ್ ಲಾರಿಯ ಡ್ರೈವರ್ ಕೂಡ ಇಳಿದು ಬಂದು ನಿಂತ. ಕೊನೆಗೆ ಮೋಟರ್ ಬಂತು. ಮೈಯೆಲ್ಲ ಜಿಡ್ಡು. ಬ್ಯಾಟರಾಯಪ್ಪನವರು ಅದರ ತಲೆ ಬಿಚ್ಚಿ ಸೀಲನ್ನು ಹೊರಗೆ ತೆಗೆದು ನರೇಂದ್ರನ ಅಂಗೈಗೆ ಹಾಕಿದರು. ಅದು ಎರಡು ಕಡೆ ಹರಿದಿತ್ತು. ಒಳಗೆ ಉಳಿದಿದ್ದ ಎಣ್ಣೆಯನ್ನು ರಾಮಲಕ್ಷ್ಮಮ್ಮನವರ ಹಾಲಿನ ಅಳತೆ ಪಾತ್ರೆಗೆ ಬಗ್ಗಿಸಿದರು. ಅರ್ಧ ಲೀಟರ್ ಬಂತು.

"ಎರಡ್ ತುಂಬಿದ್ದೆ. ಒಂದೂವರೆ ಬಾವೀಗೋಗೈತೆ," ಎಂದರು.

ನರೇಂದ್ರ ಸೀಲನ್ನು ತಿರುಗಿಸಿ ಮುರುಗಿಸಿ ನೋಡಿದ. "ಅಂದ್ರೆ ಅಬ್ಬಿಗೆರೆ ಒಟ್ಟು ನಿಕ್ಷೇಪ ಒಂದೂವರೆ ಲೀಟರ್ರಾ?" ಎಂದ. "ನನ್ ಸ್ಕೂಟರ್‌ಗೂ ಸಾಲಲ್ವಲ್ಲ ಗುರು."

ಮೊದಲು ನಕ್ಕದ್ದು ಬೋರ್ ಲಾರಿಯ ಡ್ರೈವರ್. ಆಮೇಲೆ ಎಲ್ಲರೂ ನಕ್ಕರು. ಬ್ಯಾಟರಾಯಪ್ಪನವರು ನಗಲಿಲ್ಲ, ರಾಮಲಕ್ಷ್ಮಮ್ಮನವರ ಮುಖವನ್ನೇ ನೋಡುತ್ತ ನಿಂತಿದ್ದರು. ಅವರ ಕೈಯ ಜಿಡ್ಡು ಮೊಣಕೈವರೆಗೆ ಇಳಿದಿತ್ತು.

ಆಕೆ ಒಳಗೆ ಹೋದರು. ಬಯ್ಯಲು ಮಾತು ಹುಡುಕುತ್ತಿದ್ದಾರೆಂದು ನಾನಂದುಕೊಂಡೆ. ಬರುವಾಗ ಒಂದು ಕೈಯಲ್ಲಿ ಸೋಪು, ಇನ್ನೊಂದರಲ್ಲಿ ಬೀಗದ ಕೈ. ಸೋಪು ಕೊಟ್ಟು, "ಕೈ ತೊಳ್ಕೊಳ್ಳಣ್ಣ. ನಂಗೆ ಕೋಪ ಬಂದೈತೆ, ಸುಳ್ಳೇಳಲ್ಲ. ನಾಕ್ ದಿನ ನೀನ್ ಬೀದೀನೆಲ್ಲ ಒಣಗಿಸ್ದೆ. ಆದ್ರೆ ಇವತ್ ನೀನ್ ಬರ್ದೇ ಓಗಿದ್ರೆ ನನ್ ಬಾವೀನೇ ಓಗ್ತಿತ್ತು," ಎಂದರು. ಬೀಗದ ಕೈಯನ್ನೂ ಅವರ ಕೈಗೇ ಇಟ್ಟರು. "ಒಸ ಸೀಲ್ ಆಕಿ ನೀನೇ ಬೀಗ ತೆಗೀ. ಇನ್ನೊಬ್ರ ಕೈಲಿ ಮಾಡ್ಸಲ್ಲ ನಾನು."

ಬ್ಯಾಟರಾಯಪ್ಪನವರು ಸೋಪು ಹಿಡಿದುಕೊಂಡು ಹಸುವಿನ ಕಡೆ ತಿರುಗಿ ನಿಂತರು. ಬಹಳ ಹೊತ್ತು ಕೈ ತೊಳೆದರು.

ಬೋರ್ ಲಾರಿ ವಾಪಸಾಯಿತು. ಈ ಸಲ ಹೊಟ್ಟೆಯಲ್ಲಿ ಎಣ್ಣೆಯ ಬದಲು ನೀರೇ ತುಂಬಿರುವ ಹೊಸ ಮೋಟರನ್ನು, ಹೊಸ ಸೀಲಿನ ಜೊತೆ, ತಮ್ಮ ಸ್ವಂತ ಖರ್ಚಿನಲ್ಲೇ ಬ್ಯಾಟರಾಯಪ್ಪನವರು ಇಳಿಸಿದರು. ಬೇಡವೆಂದರೂ ಕೇಳಲಿಲ್ಲ. ಮೂರು ದಿನ ನೀರನ್ನು ಹೊರಗೆ ಬಿಟ್ಟು ಬಾವಿ ತೊಳೆದರು. ನೀರನ್ನು ನಾನೇ ಪರೀಕ್ಷೆಗೆ ಕೊಟ್ಟು ಬಂದೆ. ವರದಿ ಬಂದ ಸಂಜೆ ಹನ್ನೊಂದು ಮನೆಯವರೂ ಕೊಡ ಹಿಡಿದು ನಿಂತಿದ್ದರು. ಬ್ಯಾಟರಾಯಪ್ಪನವರು ಬೀಗ ತೆಗೆದು, ಸ್ವಿಚ್ ಒತ್ತಿ, ಮೊದಲ ಲೋಟ ತಾವೇ ಕುಡಿದರು. ಆಮೇಲೆ ಪದ್ಮಶ್ರೀಯ ಕೊಡವನ್ನು ನಲ್ಲಿಯ ಕೆಳಗೆ ಎಳೆದಿಟ್ಟರು.

ಅವರನ್ನು ಇನ್ನು ಯಾರು ಕರೆಯುತ್ತಾರೆ ಎಂದು ಚಿಂತಿಸಿದವನು ನಾನೊಬ್ಬನೇ ಇರಬೇಕು. ಮಾರ್ಚಿನಲ್ಲಿ ಅವರಿಗೆ ಪುರುಸೊತ್ತಿರಲಿಲ್ಲ. ಟೀ ಬೆಂಚಿನಲ್ಲಿ ಎಣ್ಣೆಯ ಚರ್ಚೆ ಎಂದಿನಂತೆ ನಡೆದಿದೆ. ದಾಸ್ತಾನು ಎಷ್ಟು ದಿನ ಬರುತ್ತದೆ ಎಂಬ ಪ್ರಶ್ನೆ ಎದ್ದಾಗೆಲ್ಲ ನರೇಂದ್ರ, "ನಮ್ದು ಬಿಟ್ಟಾ, ಸೇರಿಸಿಯಾ?" ಎಂದು ಕೇಳುತ್ತಾನೆ. ನಾನು ಅಂಕಿಅಂಶ ಹೇಳಿದರೆ ಈಗ ಮುನಿಗಂಗಪ್ಪ ಪೂರ್ತಿ ಕೇಳಿಸಿಕೊಂಡು ಆಮೇಲೆ ಟೀ ಕೊಡುತ್ತಾನೆ.

ಮೊನ್ನೆ ಭಾನುವಾರ ರಾಮಲಕ್ಷ್ಮಮ್ಮನವರ ಜೊತೆ ಬ್ಯಾಟರಾಯಪ್ಪನವರ ಮನೆಗೆ ಹೋಗಿದ್ದೆ. ಗೋಡೆಯಲ್ಲಿ, ಕಣ್ಣಿನ ಮಟ್ಟದ ಸಾಲಿನಲ್ಲಿ, ನೀರು ಬೀಳದ ಬಾವಿಗಳ ನಡುವೆ ಹೊಸದೊಂದು ಬಾಟಲಿ ಇತ್ತು. ಒಳಗೆ ಕಲ್ಲಿನ ಪುಡಿಯಿರಲಿಲ್ಲ. ಮೋಟರಿನಿಂದ ಬಗ್ಗಿಸಿದ ಅದೇ ಅರ್ಧ ಲೀಟರ್ ಎಣ್ಣೆ, ಅದರ ತಳದಲ್ಲಿ ಹರಿದ ಸೀಲು. ರಾಮಲಕ್ಷ್ಮಮ್ಮನವರು ಕನ್ನಡಕ ತಂದಿರಲಿಲ್ಲ.

"ಚೀಟೀಲಿ ಏನ್ ಬರ್ದೈತೆ ಮೇಷ್ಟ್ರೇ?" ಎಂದು ಕೇಳಿದರು.

ನಾನು ಓದಿದೆ: "ರಾಮಲಕ್ಷ್ಮಮ್ಮ, ಆರುನೂರ ನಲವತ್ತು ಅಡಿ. ನನ್ನ ತಪ್ಪು."

"ತೆಗ್ದಾಕಣ್ಣ ಅದ್ನ. ಅಬ್ಬಿಗೆರೆ ಪೆಟ್ರೋಲ್ ಅಂತ ಬರಿ, ನೋಡ್ದೋರು ನಗಾಡ್ಲಿ," ಎಂದರು ಆಕೆ.

ಬ್ಯಾಟರಾಯಪ್ಪನವರು ನಕ್ಕರು, ಚೀಟಿ ಬದಲಾಯಿಸಲಿಲ್ಲ. ಮಾರಮ್ಮನವರು ಬಟ್ಟೆ ತಂದು ಸಾಲಿನ ಬಾಟಲಿಗಳನ್ನೆಲ್ಲ ಒರೆಸುತ್ತ ಬಂದರು. ಅದನ್ನೂ ಒರೆಸಿ, ಚೀಟಿ ಎದುರಿಗೆ ಕಾಣುವಂತೆ ತಿರುಗಿಸಿ, ಇದ್ದ ಜಾಗದಲ್ಲೇ ಇಟ್ಟರು.